ಎರಡನೇ ಚಾನೆಲ್ಲಿಗೆ ಬರ್ರಿ

ಸಿರುಗುಪ್ಪದ ಕಾಲುವೆ ಕಚೇರಿಯಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತು ನನಗೆ ಹನ್ನೊಂದು ವರ್ಷವಾಯಿತು. ನೀಲಾವತಿ ಎಂದು ಇಲ್ಲಿ ಯಾರೂ ಕರೆಯುವುದಿಲ್ಲ, ವೈರ್‌ಲೆಸ್ಸಮ್ಮ ಅನ್ನುತ್ತಾರೆ. ಮೊಬೈಲ್ ಕಾಲದಲ್ಲಿ ಈ ಡಬ್ಬಿ ಯಾಕೆ ಎಂದು ನಗುವವರು ಒಮ್ಮೆ, ಕಾಲುವೆಗೆ ನೀರು ಬಿಡುವ ಜಡೆಪ್ಪನ ಗೇಟಿಗೆ ಹೋಗಿ ಬರಲಿ. ಅಲ್ಲಿ ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ.

ನಮ್ಮಲ್ಲಿರುವುದು ಎರಡು ಚಾನೆಲ್. ಮೊದಲನೆಯದು ಎಲ್ಲರದು. ಅದರಲ್ಲಿ ಮಾತು ನಡೆದಿದ್ದರೆ, ನಡುವೆ ಒಂದು ಬಿಡುವು ಹಿಡಿದು, ಬೇಕಾದವರ ಹೆಸರು ಕೂಗಿ, 'ಎರಡಕ್ಕೆ ಬರ್ರಿ' ಅನ್ನಬೇಕು. ಆಮೇಲೆ ಇಬ್ಬರೂ ಗುಂಡಿ ತಿರುಗಿಸಿ ಎರಡನೆಯದಕ್ಕೆ ಹೋಗಿ ಮಾತಾಡಬೇಕು. ಸೆಟ್ಟಿನಲ್ಲಿ ಒಂದು ಸಲಕ್ಕೆ ಒಂದೇ ಚಾನೆಲ್ ಕೇಳಿಸುವುದರಿಂದ, ಕರೆಯದೆ ಹೋದರೆ ಖಾಲಿ ಮನೆಯಲ್ಲಿ ಮಾತಾಡಿದ ಹಾಗೆ. ಇದು ಗೋಡೆಗೆ ಅಂಟಿಸಿದ ನಿಯಮ. ಅಂಟಿಸದ ನಿಯಮ ಇನ್ನೊಂದಿದೆ: ಸಾಹೇಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬಿಡುವು ಸಿಕ್ಕರೂ ಹಾಕುವುದಿಲ್ಲ. ಇದನ್ನು ಯಾರೂ ನಮಗೆ ಕಲಿಸಲಿಲ್ಲ, ನಾವೇ ಕಲಿತುಕೊಂಡೆವು.

ಆ ಮಂಗಳವಾರ ದೊಡ್ಡ ಸಾಹೇಬರು ಬಳ್ಳಾರಿಯಿಂದ ಕಾಲುವೆ ನೋಡಲು ಹೊರಟಿದ್ದರು. ಸಂಜೆ ನಾಲ್ಕಕ್ಕೆ ಬಿಡಬೇಕಿದ್ದ ನೀರನ್ನು, ಹರಿಯುವುದು ಅವರ ಕಣ್ಣಿಗೆ ಕಾಣಲಿ ಎಂದು ಹನ್ನೊಂದಕ್ಕೇ ಬಿಡಲು ಜಡೆಪ್ಪನಿಗೆ ಹೇಳಿಯಾಗಿತ್ತು. ಆ ನೀರು ಹರಿದು ಹೋಗುವ ಹಚ್ಚೊಳ್ಳಿ ಕಡೆ ಕಾಲುವೆಯ ಹೂಳು ತೆಗೆಸುತ್ತಿದ್ದ ಮೇಸ್ತ್ರಿ ತಿಪ್ಪೇರುದ್ರಪ್ಪನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹತ್ತೂ ನಲವತ್ತಕ್ಕೆ ಮೇಸ್ತ್ರಿಯ ಫೋನು ಬಂತು. ಟ್ರ್ಯಾಕ್ಟರ್ ರಿಪೇರಿಗೆಂದು ಸಿರುಗುಪ್ಪಕ್ಕೆ ಬಂದವನು ಗ್ಯಾರೇಜಿನಲ್ಲಿ ಯಾರದೋ ಬಾಯಿಂದ ಸುದ್ದಿ ಕೇಳಿದ್ದ.

"ನೀರು ತಡೀರಿ ಅಕ್ಕಾರ. ಎಂಟು ಮಂದಿ ಹೆಣ್ಮಕ್ಕಳು ರಸ್ತಿ ಕೆಳಗಿನ ಕೊಳವಿಯೊಳಗ ಅದಾರ. ಫೋನೆಲ್ಲ ದಂಡಿ ಮ್ಯಾಲಿನ ಬುತ್ತಿ ಚೀಲದಾಗ, ಒಬ್ರೂ ಎತ್ತವಲ್ರು. ನಾ ಇಲ್ಲಿಂದ ಹೋಗಿ ಮುಟ್ಟೂದ್ರಾಗ ಹನ್ನೊಂದು ದಾಟತೈತಿ."

ಇನ್ನೂ ಇಪ್ಪತ್ತು ನಿಮಿಷವಿತ್ತು. ಮೈಕು ಎತ್ತಿಕೊಂಡೆ. ಮೊದಲನೇ ಚಾನೆಲ್ಲಿನಲ್ಲಿ ಸಾಹೇಬರೇ ಇದ್ದರು. ಅವರ ಜೀಪು ಕುರುಗೋಡು ದಾಟಿತ್ತು.

"ಶಾಮಿಯಾನ ಬಿಸಿಲಿಗೆ ಹಾಕಿದ್ದೀರಂತೆ. ಬೇವಿನ ಮರದ ಕಡೆ ಸರಿಸಿ. ನಾನು ಬರುವವರೆಗೆ ಯಾರೂ ಈ ಚಾನೆಲ್ ಬಿಟ್ಟು ಹೋಗಬಾರದು."

"ಹ್ಞೂಂ ಸರ್," ಎಂದಿತು ಒಂದು ದನಿ. ನಡುವೆ ಬಿಡುವು ಬಂತು. ಉಸಿರೆಳೆದು ಜಡೆಪ್ಪನ ಹೆಸರು ಕೂಗುವಷ್ಟು ದೊಡ್ಡ ಬಿಡುವು. ನನ್ನ ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಒತ್ತಲಿಲ್ಲ. ಹೆದರಿದೆ, ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಅಷ್ಟರಲ್ಲಿ ಸಾಹೇಬರು ಕುರ್ಚಿಗಳ ವಿಷಯ ತೆಗೆದರು.

ಕರೆಯದೆಯೇ ಎರಡಕ್ಕೆ ತಿರುಗಿಸಿ, ಜಡೆಪ್ಪ, ಜಡೆಪ್ಪ ಎಂದು ಕೂಗಿದೆ. ಓಗೊಟ್ಟವನು ಪೀರಸಾಬ್. ಗೇಟಿನಿಂದ ಹನ್ನೆರಡು ಕಿಲೋಮೀಟರ್ ಈಚೆಗಿನ ಹಳೇ ಕಾವಲುಗಾರ. ಸಾಹೇಬರ ಗದ್ದಲ ಬೇಡವೆಂದು ಎರಡರಲ್ಲಿ ತಣ್ಣಗೆ ಕೂತಿದ್ದ. ವಿಷಯ ಹೇಳಿದೆ.

"ಒಂದ್ರಾಗ ಹೇಳ್ರಿ ಅಕ್ಕಾರ, ಜಡೆಪ್ಪ ಅಲ್ಲೇ ಇರ್ತಾನ."

"ಸಾಹೇಬ್ರು ಮಾತಾಡಾಕತ್ಯಾರ ಪೀರಸಾಬ್."

ಅವನ ಸೆಟ್ಟಿಗೂ ಬಟನ್ ಇತ್ತು, ಅವನೂ ಒಂದಕ್ಕೆ ತಿರುಗಿಸಲಿಲ್ಲ. "ಹಂಗಾರ ನಾನೇ ಗಾಡಿ ಮ್ಯಾಲೆ ಹೋಕ್ಕೀನಿ," ಎಂದ.

ಕಾಲುವೆ ದಂಡೆಯ ಮಣ್ಣಿನ ದಾರಿಯಲ್ಲಿ ಆ ಮುದುಕ ತನ್ನ ಹಳೇ ಮೊಪೆಡ್ಡಿನಲ್ಲಿ ಹನ್ನೆರಡು ಕಿಲೋಮೀಟರ್ ಹೋದ. ಎರಡು ಸಲ ಬಿದ್ದನಂತೆ. ಅವನು ಮುಟ್ಟುವಾಗ ಹನ್ನೊಂದೂ ಹತ್ತು. ಗೇಟು ಪೂರ್ತಿ ಎದ್ದಿತ್ತು. ಜಡೆಪ್ಪ ಸಾಹೇಬರ ಮಾತಿನಂತೆ ಮೊದಲನೇ ಚಾನೆಲ್ ಬಿಡದೆ, ಸೆಟ್ಟಿಗೆ ಕಿವಿಗೊಟ್ಟು ನಿಂತಿದ್ದ. ಇಬ್ಬರೂ ಸೇರಿ ಗೇಟು ಇಳಿಸಿದರು. ಅಷ್ಟರಲ್ಲಿ ಹರಿದ ನೀರನ್ನು ಹಿಂದಕ್ಕೆ ಕರೆಯುವ ಚಾನೆಲ್ ಯಾವುದೂ ಇರಲಿಲ್ಲ.

ಏಳು ಮಂದಿ ಕೊಳವೆಯ ಬಾಯಿಯ ಹತ್ತಿರವಿದ್ದರು, ಹೇಗೋ ದಂಡೆ ಹತ್ತಿದರು. ಎಂಟನೆಯವಳು ಮೂಕಮ್ಮ ತೀರಾ ಒಳಗಿದ್ದಳು. ಮಧ್ಯಾಹ್ನ ಕೊಳವೆಯ ಆಚೆ ಬದಿಯಲ್ಲಿ ಸಿಕ್ಕಳು.

ವಿಚಾರಣೆ ಎರಡು ದಿನ ನಡೆಯಿತು. ಮೊದಲನೇ ಚಾನೆಲ್ಲಿನಲ್ಲಿ ಬಿಡುವಿಲ್ಲದ್ದರಿಂದ ಸಿಬ್ಬಂದಿ ಎರಡನೆಯದನ್ನು ಬಳಸಿದ್ದು ಸರಿಯಾಗಿದೆ ಎಂದು ಬರೆದರು. ಅದಕ್ಕೆ ಮೊದಲು ಒಂದರಲ್ಲಿ ಹೆಸರು ಕೂಗಿದಿರಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಾಹೇಬರ ಶಾಮಿಯಾನದ ಮಾತೂ ಬರೆಯಬೇಕಾಗುತ್ತಿತ್ತು. ನಾನೂ ಬಾಯಿ ಬಿಡದೆ ಸಹಿ ಹಾಕಿದೆ. ಸಹಿ ಹಾಕಿದ ಕೈ ನೋಡಿಕೊಂಡರೆ ನನಗೇ ಅಸಹ್ಯವಾಗುತ್ತಿತ್ತು.

ಒಂಬತ್ತನೇ ದಿನಕ್ಕೆ ತಡೆಯಲಾರದೆ ಬಸ್ ಹತ್ತಿ ಹಚ್ಚೊಳ್ಳಿಗೆ ಹೋದೆ. ಮೂಕಮ್ಮನ ಮಗಳು ಸರೋಜಾ ಕಟ್ಟೆಯ ಮೇಲೆ ಚಾಪೆ ಹಾಸಿದಳು, ನೀರು ಕೊಟ್ಟಳು. ಕುಡಿಯುವುದಕ್ಕೆ ಮೊದಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಬಟನ್ನಿನ ಮೇಲಿದ್ದ ಹೆಬ್ಬೆರಳಿನವರೆಗೆ. ಅವಳು ಬೈಯಲಿ, ಮಣ್ಣು ತೂರಲಿ ಎಂದು ಕಾದೆ. ಅವಳು ಸೆರಗು ಸರಿಮಾಡಿಕೊಂಡು, ತಿಳಿಯದ್ದನ್ನು ಕೇಳುವವಳ ಹಾಗೆ ಕೇಳಿದಳು.

"ನೀವು ಒತ್ತಿದ್ರ ಸಾಹೇಬ್ರು ಏನು ಮಾಡ್ತಿದ್ರು ಅಕ್ಕ?"

"ಬೈತಿದ್ರು."

"ಬೈದು?"

"ಬೈದು... ಅಷ್ಟೇ ತಂಗಿ."

"ಅಷ್ಟೇನಾ," ಎಂದು ಎದ್ದು ಸರೋಜಾ ಒಳಗೆ ಹೋದಳು.