ಬಂದು ಹೇಳಿದವನು

ಸಾರಿಗೆ ಬೇಳೆ ಬೇಯುತ್ತಿದ್ದಾಗ ತಾಯಮ್ಮನಿಗೆ ಕರೆ ಬಂತು. ಬಿಸಿಯೂಟದ ಅಡುಗೆಯವಳನ್ನು ಶಾಲೆಯ ಎಸ್‌ಡಿಎಂಸಿ ಉಸ್ತುವಾರಿ ಸಮಿತಿಯ ಸಭೆಗೆ ಯಾರೂ ಕರೆಯುವುದಿಲ್ಲ. ಉರಿ ಸಣ್ಣಗೆ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಬಾಗಿಲಲ್ಲೇ ನಿಂತಳು.

ವಿಷಯ ಗೊತ್ತಿದ್ದದ್ದೇ. ಹೊಂಗಡಹಳ್ಳದ ಕಡೆಯಿಂದ ಆನೆಗಳು ಇಳಿದ ಮೇಲೆ ಎಸ್ಟೇಟ್ ಕೂಲಿಯವರ ಲೈನುಮನೆಗಳ ಮಕ್ಕಳು ಕಾಫಿ ತೋಟದ ದಾರಿಯಲ್ಲಿ ಶಾಲೆಗೆ ಬರುವುದನ್ನೇ ಬಿಟ್ಟಿದ್ದರು. ಅಲ್ಲೇ ಇದ್ದ ತಾಯಮ್ಮನಾದರೆ ಬೆಳಿಗ್ಗೆಯೇ ಹಾಲಿನ ಜೀಪಿನಲ್ಲಿ ಮುದುರಿ ಕೂತು ಬರುತ್ತಿದ್ದಳು; ಮಗಳು ಗಗನಾ ಮನೆಯಲ್ಲೇ ಉಳಿಯುತ್ತಿದ್ದಳು. ಮಕ್ಕಳನ್ನು ಕರೆತಂದು ಸಂಜೆ ಬಿಟ್ಟುಬರಲು ಒಬ್ಬ ಆಳು ಬೇಕಿತ್ತು. ಕೊಯ್ಲಿನ ಕಾಲ, ಶಾಲೆ ಕೊಡುವ ಸಂಬಳಕ್ಕೆ ಯಾರೂ ಒಪ್ಪಲಿಲ್ಲ. ಬರುತ್ತೇನೆಂದವನು ಜವರಯ್ಯ ಒಬ್ಬನೇ. ಅವನನ್ನು ಯಾವ ಎಸ್ಟೇಟಿನವರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಹಂದಿ ಕಾಟಕ್ಕೆಂದು ಗದ್ದೆಯ ಸುತ್ತ ತಂತಿ ಎಳೆದು ಕರೆಂಟು ಕೊಟ್ಟಿದ್ದವನು ಅವನು. ತಪ್ಪಿಸಿಕೊಂಡ ದನ ಹುಡುಕುತ್ತ ಹೋಗಿ ಆ ತಂತಿ ತುಳಿದು ಸತ್ತವನು ತಾಯಮ್ಮನ ಗಂಡ ಕುಮಾರ್. ಜವರಯ್ಯ ಜೈಲು ಮುಗಿಸಿ ಊರಿಗೆ ಬಂದಿದ್ದ.

ಆನೆ ಎದುರಾದರೆ ಜೈಲು ಕಂಡವನೆಂದು ಅದೇ ಹೆದರಿ ಓಡುತ್ತದೆ ಅಂತ ಸದಸ್ಯ ಪ್ರವೀಣ್ ನಗಿಸುತ್ತಿದ್ದ. ತಾಯಮ್ಮನನ್ನು ಕಂಡು ನಗು ನಿಂತಿತು. ಹೆಡ್‌ಮಿಸ್ ಸುಮನಾ, ಜವರಯ್ಯ ಮಕ್ಕಳಿಗೆ ಕೇಡು ಮಾಡಿ ಒಳಗೆ ಹೋದವನಲ್ಲ ನಿಜ, ಆದರೂ ನಾಳೆ ಹೆತ್ತವರು ಕೇಳಿದರೆ ಏನು ಹೇಳಲಿ ಎಂದು ಪೇಚಾಡಿದರು. ಅಧ್ಯಕ್ಷ ಯೋಗಾನಂದ ಗಂಟಲು ಸರಿಮಾಡಿಕೊಂಡ.

"ನೋಡು ತಾಯಮ್ಮ, ನಮ್ದೇನಿಲ್ಲ. ನೀನು ಹೂಂ ಅಂದ್ರೆ ಇಟ್ಕೊಳ್ಳೋದು, ಬ್ಯಾಡ ಅಂದ್ರೆ ಬುಟ್ಟಾಕೋದು."

ಅವಳಿಗೆ ಅರ್ಥವಾಯಿತು. ನಾಳೆ ಏನಾದರೂ ಆದರೆ, ತಾಯಮ್ಮ ಒಪ್ಪಿದ್ದಳು ಅನ್ನುತ್ತಾರೆ. ಮಕ್ಕಳ ಓದು ನಿಂತರೆ, ತಾಯಮ್ಮ ಬೇಡವೆಂದಳು ಅನ್ನುತ್ತಾರೆ. ಇಷ್ಟು ಜನ ಕೂತಿದ್ದ ಕೋಣೆಯಲ್ಲಿ ಅವಳ ಪಕ್ಕಕ್ಕೆ ಯಾರೂ ಇರಲಿಲ್ಲ.

ಆವತ್ತಿನ ಬೆಳಿಗ್ಗೆ ನೆನಪಾಯಿತು. ಇನ್ನೂ ಮಂಜು ಕವಿದಿತ್ತು. ಬಾಗಿಲು ತೆರೆದರೆ ಜವರಯ್ಯ, ಮೊಣಕಾಲವರೆಗೆ ಕೆಸರು. ಅಕ್ಕಾ, ನನ್ನ ತಂತಿಗೆ ಸಿಕ್ಕಿ ಕುಮಾರಣ್ಣ ಹೋಗ್ಬುಟ್ರು ಅಂದಿದ್ದ. ಹೆಣವನ್ನು ಪಕ್ಕದ ಎಸ್ಟೇಟಿನ ಬೇಲಿಗೆ ಎಳೆದುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥದ್ದು ಆ ಕಡೆ ಆಗದ ಸಂಗತಿಯೂ ಅಲ್ಲ. ಅವನು ಮಾತ್ರ ನೇರ ಅವಳ ಬಾಗಿಲಿಗೆ ಬಂದಿದ್ದ. ಆ ಮಾತು ಅವನ ಬಾಯಿಂದಲೇ ಕೇಳಬೇಕಾಯಿತಲ್ಲ ಅಂತ ಅವಳು ಎಷ್ಟೋ ಕಾಲ ಅವನನ್ನು ಇನ್ನಷ್ಟು ದ್ವೇಷಿಸಿದ್ದಳು.

"ಅವನ್ನ ಕ್ಷಮಿಸಿದೀಯಾ ಅಂತ ಕೇಳ್ಬ್ಯಾಡಿ ಗೌಡ್ರೆ, ಅದು ನನ್ ಪಾಡು," ಅಧ್ಯಕ್ಷನಿಗೆ ಅಂದಳು. "ಮಕ್ಳ ಜೊತೆ ಬುಡಬೋದಾ ಅಂದ್ರೆ, ಬುಡಬೋದು. ಏನಾರ ಹೆಚ್ಚುಕಮ್ಮಿ ಆದ್ರೆ ಬಂದು ಹೇಳ್ತಾನೆ. ಇಲ್ಲಿ ಕೂತಿರೋರು ಎಷ್ಟು ಜನ ಹೇಳ್ತೀರೋ ನಂಗೊತ್ತಿಲ್ಲ."

ಪ್ರವೀಣ್ ಮೆಲ್ಲಗೆ ಕೇಳಿದ: "ನಿನ್ ಮಗಳನ್ನೂ ಕಳಿಸ್ತೀಯಾ?"

ಅದನ್ನು ಅವಳು ಯೋಚಿಸಿರಲಿಲ್ಲ.

"ಕಳಿಸ್ತೀನಿ."

ಸೋಮವಾರ ಜವರಯ್ಯನ ಜೊತೆ ಮಕ್ಕಳು ಬಂದರು. ಹೆತ್ತವರು ಹೇಳಿಕೊಟ್ಟಿದ್ದರೋ ಏನೋ, ಒಬ್ಬರೂ ಅವನ ಹತ್ತಿರ ನಡೆಯುತ್ತಿರಲಿಲ್ಲ. ಎಲ್ಲರಿಗಿಂತ ಹಿಂದೆ ಗಗನಾ. ಅವನು ಗೇಟಿನ ಹೊರಗೇ ನಿಂತು, ಅಡುಗೆಮನೆಯತ್ತ ನೋಡದೆ, "ಎಲ್ಲಾ ಬಂದವ್ರೆ," ಅಂದ. ಹೆಡ್‌ಮಿಸ್ ಇನ್ನೂ ಬಂದಿರಲಿಲ್ಲ. ಕೇಳಿಸಿಕೊಳ್ಳಲು ತಾಯಮ್ಮ ಒಬ್ಬಳೇ ಇದ್ದಳು.

ಮಧ್ಯಾಹ್ನ ಹೊಸ ಭಯ ಹುಟ್ಟಿತು. ಸಂಜೆಯವರೆಗೆ ಇಲ್ಲೇ ಇರುವವನಿಗೆ ಊಟ ಬಡಿಸುವವಳು ತಾನೇ. ಸೌಟು ಹಿಡಿದು ಇಣುಕಿದಳು. ಅವನು ರಸ್ತೆಯಾಚೆ ಸಿಲ್ವರ್ ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ಅವಳಿಗೆ ಜೀವ ಬಂದಂತಾಯಿತು.

ಮಕ್ಕಳೆಲ್ಲ ತಟ್ಟೆ ತೊಳೆದು ಹೋದ ಮೇಲೆ, ದಿನದಂತೆ, ಉಳಿದ ಅನ್ನಕ್ಕೆ ಸಾರು ಹಾಕಿಕೊಂಡು ಒಬ್ಬಳೇ ಕೂತಳು. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಗಂಡನನ್ನು ಕೊನೆಗೆ ಕಂಡವನು ಅವನು. ಜೀವ ಇತ್ತಾ, ಏನಾದರೂ ಅಂದನಾ ಎಂದು ಈ ಊರಲ್ಲಿ ಕೇಳುವುದಾದರೆ ಅವನೊಬ್ಬನನ್ನೇ ಕೇಳಬೇಕು. ಕೇಳಿದರೆ ಅವನು ಹೇಳುತ್ತಾನೆ, ಇದ್ದದ್ದನ್ನು ಇದ್ದ ಹಾಗೇ. ಅದಕ್ಕೇ ಅವಳಿಗೆ ಕೇಳಲು ಧೈರ್ಯ ಬರಲಿಲ್ಲ.