ನಾಲ್ಕನೆಯ ಅಂಕಿ

ಜಗಳೂರಿನ ಆ ಖಾಸಗಿ ಕಾಲೇಜಿಗೆ ಸೇರುವ ಉಪನ್ಯಾಸಕರು ಮೊದಲ ದಿನವೇ ಒರಿಜಿನಲ್ ಅಂಕಪಟ್ಟಿಗಳನ್ನು ಪ್ರಾಂಶುಪಾಲರ ಬೀರುವಿನಲ್ಲಿಡಬೇಕು. ಭದ್ರತೆಗಾಗಿ ಎನ್ನುತ್ತಾರೆ. ಯಾರ ಭದ್ರತೆ ಎಂದು ಯಾರೂ ಕೇಳಿಲ್ಲ.

ಕನ್ನಡ ಪಾಠ ಮಾಡುವ ಅಂಬಿಕಾಳ ಅಂಕಪಟ್ಟಿಗಳು ಆರು ವರ್ಷದಿಂದ ಅಲ್ಲೇ ಇದ್ದವು. ಈಗ ಆಕೆ ನ್ಯಾಮತಿಯ ಸರ್ಕಾರಿ ಕಾಲೇಜಿಗೆ ಆಯ್ಕೆಯಾಗಿದ್ದಳು. ದಾವಣಗೆರೆಯಲ್ಲಿ ಮಧ್ಯಾಹ್ನ ಎರಡರೊಳಗೆ ಒರಿಜಿನಲ್ ತೋರಿಸದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಬಸ್ಸು ಹನ್ನೊಂದೂ ನಲವತ್ತಕ್ಕೆ. ಈಗ ಹನ್ನೊಂದೂ ಇಪ್ಪತ್ತು.

ಪ್ರಾಂಶುಪಾಲ ವಿರೂಪಾಕ್ಷಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಚನ್ನಗಿರಿಗೆ ಹೋಗಿದ್ದರು. "ಅಂಬಿಕಾಗೆ ಕೊಟ್ಟು ಕಳಿಸು, ಬೀಗದ ನಂಬರ್ ಮೇಜಿನ ಗಾಜಿನ ಕೆಳಗೈತೆ" ಎಂದು ಗುಮಾಸ್ತ ಓಬಳೇಶನಿಗೆ ಹೇಳಿ, ಫೋನ್ ಆಫ್ ಮಾಡಿ ಆಪರೇಷನ್ನಿಗೆ ಮಲಗಿದ್ದರು. ಚೀಟಿಯೇನೋ ಇತ್ತು. ಆದರೆ ಓಬಳೇಶನ ಚಹಾ ಎಂದೋ ಗಾಜಿನ ಕೆಳಗೆ ಇಳಿದಿತ್ತು. ಹತ್ತು ಅಂಕಿಗಳಲ್ಲಿ ನಾಲ್ಕನೆಯದು, ಆರನೆಯದು ನೀಲಿ ಕಲೆಯಾಗಿದ್ದವು.

381_5_7290.

ಅವನು ಆಗಲೇ ಎರಡು ಸಲ ಒತ್ತಿದ್ದ. ಕಲೆ ಮೊದಲು ಸೊನ್ನೆಯಂತೆ ಕಂಡಿತ್ತು, ಆಮೇಲೆ ಎಂಟರಂತೆ. ಮೂರನೆಯ ಸಲವೂ ತಪ್ಪಿದರೆ ಬೀಗ ಇಪ್ಪತ್ತನಾಲ್ಕು ಗಂಟೆ ತೆರೆಯುವುದಿಲ್ಲ.

"ನನ್ನ ಕೇಳದೆ ಯಾಕೆ ಒತ್ತಿದ್ರಿ ಓಬಳೇಶಣ್ಣ?"

"ನೀವು ಬರೋದ್ರೊಳಗೆ ತೆಗೆದಿಡಾನ ಅಂತ. ಉಪಕಾರ ಮಾಡಾಕೆ ಹೋದೆ ಮೇಡಂ."

ವಿರೂಪಾಕ್ಷಪ್ಪ ಗಣಿತದವರು. ಪ್ರತಿ ಸಿಬ್ಬಂದಿ ಸಭೆಯಲ್ಲೂ ಬೋಂಡಾ ಬರುವ ಮುನ್ನ ಈ ಸಂಖ್ಯೆಯನ್ನು ಹೊಗಳುತ್ತಿದ್ದರು. ಯಾರೂ ಕಿವಿಗೊಡದ ಕಾರಣ ಅದು ಗುಟ್ಟಾಗಿಯೇ ಉಳಿದಿತ್ತು. ಅಂಬಿಕಾಳಿಗೆ ಒಂದು ಮಾತು ನೆನಪಾಯಿತು: ಇದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಯೂ ಒಂದೊಂದೇ ಸಲ. ಹಾಗಾದರೆ ಉಳಿದದ್ದು ನಾಲ್ಕು ಮತ್ತು ಆರು.

"ನಾಲ್ಕು ಮೊದ್ಲು, ಆರು ಆಮೇಲೆ. ಎಣಿಕೆನೇ ಹಂಗೈತಲ್ಲ" ಎಂದು ಓಬಳೇಶ ಬೆರಳು ಚಾಚಿದ.

ಅಂಬಿಕಾ ಅವನ ಕೈ ಹಿಡಿದಳು. "ಮೂರು, ಎಂಟು, ಒಂದು. ಇದ್ಯಾವ ಎಣಿಕೆ ರೀ?"

ಸಭೆಯಲ್ಲಿ ವಿರೂಪಾಕ್ಷಪ್ಪ ಇನ್ನೂ ಏನೋ ಹೇಳುತ್ತಿದ್ದರು. ಎಷ್ಟು ಅಂಕಿ ತೆಗೆದುಕೊಂಡರೆ ಅಷ್ಟರಿಂದ ಭಾಗ ಹೋಗುತ್ತದೆ ಎಂದು. ಎಡದಿಂದಲೋ, ಬಲದಿಂದಲೋ? ಹಾಜರಿ ಪುಸ್ತಕದ ಹಿಂದೆ ಬರೆದು ನೋಡಿದಳು. ಬಲದಿಂದ 290 ಮೂರರಿಂದ ಹೋಗಲಿಲ್ಲ. ಎಡದಿಂದ 38 ಎರಡರಿಂದ ಹೋಯಿತು, 381 ಮೂರರಿಂದ ಹೋಯಿತು. ಇನ್ನು ಮೊದಲ ನಾಲ್ಕು ಅಂಕಿ ನಾಲ್ಕರಿಂದ ಹೋಗಬೇಕು. 3814ಕ್ಕೆ ಎರಡು ಶೇಷ. 3816ಕ್ಕೆ ಏನೂ ಉಳಿಯಲಿಲ್ಲ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಆಕೆಗೆ ಬಂದದ್ದು ಮೂವತ್ತೇಳು. ಅದೂ ಇದೇ ಬೀರುವಿನೊಳಗಿತ್ತು. ಮತ್ತೆರಡು ಸಲ ಭಾಗಿಸಿದಳು.

"ಬಸ್ಸು ಸ್ಟ್ಯಾಂಡಿಗೆ ಬಂದಿರ್ತೈತೆ ಮೇಡಂ."

ಒಂದೊಂದೇ ಒತ್ತಿದಳು. ನಾಲ್ಕನೆಯ ಜಾಗಕ್ಕೆ ಆರು, ಆರನೆಯ ಜಾಗಕ್ಕೆ ನಾಲ್ಕು. ಕೊನೆಯ ಸೊನ್ನೆಯ ಮೇಲೆ ಬೆರಳು ನಿಂತುಬಿಟ್ಟಿತು. ಓಬಳೇಶ ಮುಖ ಆ ಕಡೆ ತಿರುಗಿಸಿಕೊಂಡ. ಒತ್ತಿದಳು.

ಬೀರು ಒಂದು ಕ್ಷಣ ಯೋಚಿಸಿದಂತಿತ್ತು. ಆಮೇಲೆ ಕಟಕ್ ಎಂದಿತು.

ಬಸ್ಸು ಊರು ದಾಟುವಾಗ ಫೋನ್ ಬಂತು.

"ಸಿಕ್ತೇನಮ್ಮಾ?"

"ಸಿಕ್ತು ಸಾರ್. ಚೀಟಿ ಅಳಿಸೋಗಿತ್ತು. ನಾಲ್ಕರಿಂದ ಭಾಗಿಸಿ ನೋಡ್ದೆ."

ಬೈಗುಳಕ್ಕೆ ಆಕೆ ಸಿದ್ಧಳಾದಳು.

"ಹಂಗಾದ್ರೆ ಆರು ವರ್ಷ ನೀನೊಬ್ಬಳು ಕೇಳಿಸ್ಕೊಂತಿದ್ದೆ" ಎಂದರು ವಿರೂಪಾಕ್ಷಪ್ಪ. ದನಿ ಒಂದಿಷ್ಟು ಒದ್ದೆಯಾಗಿತ್ತು. ಕಣ್ಣಿನ ಔಷಧಿಯೂ ಇರಬಹುದು. "ಏಳರಿಂದ ನೋಡಿದ್ಯಾ? ಅದರ ಚಂದ ಇರೋದೇ ಅಲ್ಲಿ."

"ಇಲ್ಲ ಸಾರ್."

ಫೋನಿಟ್ಟು, ತೊಡೆಯ ಮೇಲಿನ ಫೈಲನ್ನು ಒಮ್ಮೆ ಒತ್ತಿ ನೋಡಿಕೊಂಡಳು. ಆಮೇಲೆ ಸೊನ್ನೆ ರೂಪಾಯಿಯ ಬಸ್ ಟಿಕೆಟ್ ತಿರುಗಿಸಿ, ಕುಲುಕಾಟದಲ್ಲೇ 3816547 ಎಂದು ಬರೆದಳು.