ಮೊಡವೆಗೊಂದು ಮದ್ದು

ನಾಲ್ಕನೇ ಸಲ ಸಾಬೂನು ಹಚ್ಚಿದ. ಪರರ ಸಾಬೂನು, ಅದಕ್ಕಂಟಿದ ಯಾರದೋ ಕೂದಲು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪನ ಬಚ್ಚಲಲ್ಲಿ ಮಾಲತೇಶ ಕನ್ನಡಿ ನೋಡಿಕೊಂಡ. ತೊಳೆದಷ್ಟೂ ಮೊಡವೆಗಳು ಕೆಂಪೇರಿದ್ದವು. ತನ್ನ ಮುಖ ತನಗೇ ಹೇಸಿಗೆಯಾಯಿತು.

ಕನ್ಯೆ ನೋಡಲು ಬಂದವನು ಬಚ್ಚಲು ಸೇರಿ ಕಾಲು ಗಂಟೆಯಾಗಿತ್ತು.

ರಾಣೆಬೆನ್ನೂರಿನ ಕಾಲೇಜಿನಲ್ಲಿ ಅವನು ಪ್ರಾಣಿಶಾಸ್ತ್ರದ ಉಪನ್ಯಾಸಕ. ಚರ್ಮದಡಿಯ ಎಣ್ಣೆಗ್ರಂಥಿ, ಮುಚ್ಚಿಹೋಗುವ ರಂಧ್ರ ಎಂದು ಹಲಗೆಯ ಮೇಲೆ ಚಿತ್ರ ಬರೆದರೆ, ಹುಡುಗರು ಚಿತ್ರ ಬಿಟ್ಟು ಅವನ ಮುಖ ನೋಡುತ್ತಿದ್ದರು. ಡಾಕ್ಟರು ಮುಲಾಮು ಕೊಟ್ಟು, ಮೂರು ತಿಂಗಳು ತಾಳ್ಮೆಯಿಂದ ಹಚ್ಚಿ ಅಂದಿದ್ದರು. ಮೂರನೇ ವಾರಕ್ಕೇ ತಾಯಿ ದೇವವ್ವ ಅದನ್ನು ತಿಪ್ಪೆಗೆಸೆದಳು. ಅವಳ ಪ್ರಕಾರ ಇದು ಮೈಯ ಕಾವು, ಮದ್ದೆಂದರೆ ಮದುವೆ. ಅವನು ವಾದಿಸಲಿಲ್ಲ. ಬೇರೆ ಮುಲಾಮು ತರಲೂ ಇಲ್ಲ.

ಹೊರಬಂದು ತಾಯಿಯ ಪಕ್ಕ ಕುಳಿತ. ವಿರೂಪಾಕ್ಷಪ್ಪನ ಮಗಳು ಮಂಗಳಾ ಉಪ್ಪಿಟ್ಟಿನ ತಾಟು ಇಟ್ಟಳು. ನುಣುಪು ಮುಖ. ಒಮ್ಮೆ ಅವನತ್ತ ನೋಡಿ ಕಣ್ಣು ತಗ್ಗಿಸಿದಳು.

"ಮಾರಿ ಮ್ಯಾಲಿನ ಗುಳ್ಳಿ ಬಗ್ಗೆ ಚಿಂತಿ ಬ್ಯಾಡ್ರಿ," ಅಂದಳು ದೇವವ್ವ. "ಕಾವು ಐತಿ. ಲಗ್ನ ಆದ್ರ ತಾವ ಹೋಗ್ತಾವ."

"ನನಗೂ ಇದ್ವು," ವಿರೂಪಾಕ್ಷಪ್ಪ ನಕ್ಕ. "ಇಕಿ ಅವ್ವ ಬಂದ್ಳು, ಆರು ತಿಂಗಳದಾಗ ಸಾಫ್."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡಳು.

ಮಾಲತೇಶ ತಾಟನ್ನು ಪಕ್ಕಕ್ಕೆ ಸರಿಸಿದ. ಇವರೆಲ್ಲ ಸೇರಿ ಒಂದು ಹುಡುಗಿಯನ್ನು ಮುಲಾಮಿನ ಹಾಗೆ ತನ್ನ ಗಲ್ಲಕ್ಕೆ ಹಚ್ಚಲು ಹೊರಟಿದ್ದರು. ಇದು ಸುಳ್ಳು ಅಂದುಬಿಡಬೇಕು ಅನಿಸಿತು. ಆದರೆ ಆ ಸುಳ್ಳೂ ಇಲ್ಲದಿದ್ದರೆ ಈ ಮುಖಕ್ಕೆ ಹೆಣ್ಣು ಕೊಡುವವರು ಯಾರು?

"ಏನರ ಕೇಳೂದಿದ್ರ ಕೇಳ್ರಿ ಸರ," ಅಂದ ವಿರೂಪಾಕ್ಷಪ್ಪ.

"ಎಲ್ಲಿತನಕ ಓದ್ಯಾರ?" ಮಾಲತೇಶ ಕೇಳಿದ.

"ಬಿಎಸ್ಸಿ ಆಗೇತ್ರಿ," ಮಂಗಳಾಳೇ ಹೇಳಿದಳು. "ನಾನೂ ಪ್ರಾಣಿಶಾಸ್ತ್ರಾನ ಓದೇನಿ." ತುಸು ತಡೆದು ಕೇಳಿದಳು: "ಇವು ಲಗ್ನದಿಂದ ಹೋಗ್ತಾವೇನ್ರಿ ಸರ?"

ವಿರೂಪಾಕ್ಷಪ್ಪ ಕೆಮ್ಮಿದ. ದೇವವ್ವ ಮಗನನ್ನು ನೋಡಿದಳು. ಮಂಗಳಾ ಮಾತ್ರ ಕಣ್ಣು ಕೀಳಲಿಲ್ಲ.

"ಹಿರ್ಯಾರು ಹೇಳ್ತಾರಲ್ರಿ," ಅಂದ ಮಾಲತೇಶ.

ಆಗ ಅವಳು ಕಣ್ಣು ಕಿತ್ತಳು.

ಒಪ್ಪಿಗೆಯಾಯಿತು. ಹುಡುಗಿಯ ಸೋದರತ್ತೆ ಕರಿಯವ್ವ ಕುಂಕುಮದ ಬಟ್ಟಲು ತಂದು, ಅವನ ಹಣೆಗೆ ಹೆಬ್ಬೆರಳು ಒತ್ತಿದಳು. ಹುಬ್ಬುಗಳ ನಡುವೆ ಮಾಗಿದ್ದ ಗುಳ್ಳೆ ಒಡೆಯಿತು. ಬೆಚ್ಚಗಿನದೇನೋ ಮೂಗಿನತ್ತ ಇಳಿದದ್ದು ಅವನಿಗೆ ತಿಳಿಯಿತು. ಕರಿಯವ್ವನಿಗೆ ತಿಳಿಯಲಿಲ್ಲ. ಅದೇ ಹೆಬ್ಬೆರಳನ್ನು ಮತ್ತೆ ಬಟ್ಟಲಲ್ಲದ್ದಿ ಅವಳು ಮಂಗಳಾಳ ಕಡೆ ತಿರುಗಿದಳು.

ಮಾಲತೇಶ ಬಾಯಿ ತೆರೆದ. ಮತ್ತೆ ಮುಚ್ಚಿ, ಕರವಸ್ತ್ರದಿಂದ ತನ್ನ ಮೂಗು ಒರೆಸಿಕೊಂಡ.

ಮಂಗಳಾ ಆ ಹೆಬ್ಬೆರಳನ್ನು ನೋಡಿದಳು, ಅವನನ್ನು ನೋಡಿದಳು, ಕಣ್ಣು ಮುಚ್ಚಿ ಹಣೆಯೊಡ್ಡಿದಳು.